ಬೂದಿ, ಬೆಳವಕ್ಕಿ, ಬುಟ್ಟಿ: ಹಳೆಯ ಯೆಹೂದಿ ವಿಧಿಗಳಲ್ಲಿ ನಮಗೇನಿದೆ?

ಪ್ರಶ್ನೆ: ನಾನು ಯೆಹೂದಿಯಲ್ಲ, ಕ್ರೈಸ್ತಳೂ ಅಲ್ಲ. ಕುತೂಹಲಕ್ಕೆ ಬೈಬಲ್ ಓದಲು ಶುರು ಮಾಡಿದೆ. ಆದಿಕಾಂಡ, ವಿಮೋಚನಕಾಂಡ ಕಥೆಯ ಹಾಗೆ ಓದಿಸಿಕೊಂಡು ಹೋದವು. ಯಾಜಕಕಾಂಡಕ್ಕೆ ಬಂದು ಸಿಕ್ಕಿಹಾಕಿಕೊಂಡೆ. ಬಲಿ, ರಕ್ತ, ಬೂದಿ, ಚರ್ಮರೋಗ, ಮೈಲಿಗೆ. 13ನೇ ಅಧ್ಯಾಯದಲ್ಲಿ ಪುಸ್ತಕ ಮುಚ್ಚಿಟ್ಟೆ. ಆಫೀಸಿನ ಗೆಳತಿಯೊಬ್ಬಳು "ಇವತ್ತಿನ ಬದುಕಿಗೆ ಬೇಕಾದ ಪಾಠ ಅಲ್ಲೇ ಇದೆ" ಎನ್ನುತ್ತಾಳೆ. ನಿಜವಾಗಿಯೂ ಇದೆಯೇ? ಅಥವಾ ನಾವೇ ಎಲ್ಲಿಂದಲೋ ತಂದು ಅಂಟಿಸುತ್ತೇವೆಯೇ?

ಉತ್ತರ: ಎರಡೂ ನಡೆಯುತ್ತದೆ. ತಂದು ಅಂಟಿಸುವವರೇ ಜಾಸ್ತಿ. ಆದರೆ ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ.

ನೀವು ಪುಸ್ತಕ ಮುಚ್ಚಿದ ಜಾಗ ನನಗೆ ಚೆನ್ನಾಗಿ ಗೊತ್ತು. 59 ವಚನಗಳ ಅಧ್ಯಾಯ. ಕಲೆ ಬೆಳ್ಳಗಿದೆಯೇ, ಅಲ್ಲಿನ ಕೂದಲು ಬಣ್ಣ ತಿರುಗಿದೆಯೇ, ಏಳು ದಿನ ಬಿಟ್ಟು ಮತ್ತೆ ನೋಡು. ಮೊದಲ ಸಲ ಓದಿದಾಗ ನಾನೂ ಅಲ್ಲೇ ತೂಕಡಿಸಿದ್ದೆ. ಇನ್ನೊಂದು ಅಧ್ಯಾಯ ಮುಂದೆ ಹೋಗಿದ್ದರೆ ನಿಮಗೆ ಒಂದು ವಿಚಿತ್ರ ವಚನ ಸಿಗುತ್ತಿತ್ತು. ಕನ್ನಡ ಬೈಬಲಿನಲ್ಲಿ 'ಕುಷ್ಠ' ಎಂದಿರುವ ಈ ಕಲೆ ಮನೆಯ ಗೋಡೆಗೂ ಬರುತ್ತದೆ. ಹಸಿರಾಗಿಯೋ ಕೆಂಪಾಗಿಯೋ ಕಾಣುತ್ತದೆ. ಅಂದಮೇಲೆ ಇದು ನಮ್ಮ ಆಸ್ಪತ್ರೆಗಳಲ್ಲಿ ಕುಷ್ಠ ಎನ್ನುವ ರೋಗವಲ್ಲ. ಮನೆಯವನು ಯಾಜಕನಿಗೆ ಸುದ್ದಿ ಮುಟ್ಟಿಸಬೇಕು. ಯಾಜಕ ಬಂದು ನೋಡಿ 'ಮೈಲಿಗೆ' ಎಂದರೆ ಮನೆಯೊಳಗಿದ್ದ ಸಾಮಾನೆಲ್ಲ ಮೈಲಿಗೆ. ಅದಕ್ಕೇ 14ನೇ ಅಧ್ಯಾಯದ 36ನೇ ವಚನ ಹೀಗೆ ಹೇಳುತ್ತದೆ: ಯಾಜಕ ಕಾಲಿಡುವ ಮುಂಚೆಯೇ ಮನೆ ಖಾಲಿ ಮಾಡಿಸಿ.

ಸ್ವಲ್ಪ ನಿಂತು ನೋಡಿ. ಕಲೆ ಆಗಲೇ ಗೋಡೆಯ ಮೇಲಿದೆ. ಆದರೂ ಯಾಜಕನ ಬಾಯಿಂದ ಮಾತು ಬರುವವರೆಗೆ ಸಾಮಾನು ಹೊರಗೆ ಸಾಗಿಸಲು ಅವಕಾಶ ಇದೆ. ಮುಂದೆ ಬಂದ ರಬ್ಬಿಗಳು, ಅಂದರೆ ಯೆಹೂದಿ ಧರ್ಮಪಂಡಿತರು, ಇದನ್ನು ಹಿಡಿದು ಕೇಳಿದರು: ಈ ಅವಕಾಶ ಯಾವ ಸಾಮಾನಿಗಾಗಿ? ಬಟ್ಟೆ, ಮರದ ಪಾತ್ರೆ, ಲೋಹದ ಪಾತ್ರೆ ಮೈಲಿಗೆಯಾದರೆ ನೀರಲ್ಲಿ ಮುಳುಗಿಸಿದರೆ ಆಯಿತು. ಮಣ್ಣಿನ ಪಾತ್ರೆಗೆ ಮಾತ್ರ ಆ ದಾರಿ ಇಲ್ಲ. ಒಡೆದು ಹಾಕಬೇಕು. ಹಾಗಾದರೆ ಇಷ್ಟೆಲ್ಲ ಏರ್ಪಾಡು ಒಂದು ಎಣ್ಣೆಯ ಕುಡಿಕೆಗೆ, ಒಂದು ಮಣ್ಣಿನ ಹೂಜಿಗೆ! ಮನೆಯಲ್ಲಿರುವುದರಲ್ಲೇ ಅಗ್ಗದ ವಸ್ತು ಅದು.

ಅದೇ ಚರ್ಚೆಯಲ್ಲಿ ಇನ್ನೂ ಮೂರು ಮಾತು ಬರುತ್ತವೆ. ಮನೆಯವನು ಎಷ್ಟೇ ದೊಡ್ಡ ಪಂಡಿತನಾಗಿದ್ದರೂ "ಮನೆಯಲ್ಲಿ ಕುಷ್ಠ ಬಂದಿದೆ" ಎನ್ನಬಾರದು. "ಕುಷ್ಠದ ಹಾಗೆ ಏನೋ ಕಾಣುತ್ತಿದೆ" ಎನ್ನಬೇಕು. ಎರಡನೆಯದು, ಮದುಮಗನ ಮೈಮೇಲೆ ಕಲೆ ಕಂಡರೆ ಮದುವೆಯ ಏಳು ದಿನ ಮುಗಿಯುವವರೆಗೆ ಯಾರೂ ಪರೀಕ್ಷೆ ಮಾಡುವಂತಿಲ್ಲ. ಮೂರನೆಯದು ನನಗೆ ಬಹಳ ಇಷ್ಟ. ಒಬ್ಬ ಯಾಜಕ ಯಾರ ಕಲೆಯನ್ನು ಬೇಕಾದರೂ ನೋಡಿ ತೀರ್ಪು ಕೊಡಬಹುದು, ತನ್ನದನ್ನು ಬಿಟ್ಟು.

ನೀವು ಕೇಳಿದ ಪಾಠ ಎಲ್ಲಿದೆ ಅಂತ ಈಗ ಸ್ವಲ್ಪ ಗೊತ್ತಾಗಿರಬೇಕು. ಕುಷ್ಠ ಅಂದರೆ ಒಳಗಿನ ಕೆಟ್ಟ ಯೋಚನೆ, ಬೂದಿ ಅಂದರೆ ಅಹಂಕಾರ ಅಂತ ಒಂದೊಂದಕ್ಕೂ ಅರ್ಥ ಹಚ್ಚುತ್ತಾ ಹೋಗುವವರಿದ್ದಾರೆ. ಅದು ಯಾರು ಬೇಕಾದರೂ ಆಡಬಹುದಾದ ಆಟ. ನಾನು ನೋಡುವುದು ಬೇರೆ ಕಡೆ. ನಿಯಮ ಎಲ್ಲಿ ಮನುಷ್ಯರಿಗೆ ತಾಗಿ ನೋವು ಮಾಡಿತು, ಆಗ ಅದನ್ನು ಹೇಗೆ ತಿದ್ದಿದರು, ಅದನ್ನು ನೋಡುತ್ತೇನೆ.

ಇದಕ್ಕೆ ಯಾಜಕಕಾಂಡ ಒಂದೇ ಸಾಲದು. ಮೋಶೆಯ ಐದು ಪುಸ್ತಕಗಳು ನಿಯಮ ಹೇಳಿ ಸುಮ್ಮನಾಗುತ್ತವೆ. ಆ ನಿಯಮ ಬೀದಿಗೆ, ಅಡುಗೆಮನೆಗೆ, ಮಾರುಕಟ್ಟೆಗೆ ಇಳಿದಾಗ ಏನಾಯಿತು ಅನ್ನುವುದು ಸುಮಾರು ಕ್ರಿ.ಶ. 200ರಲ್ಲಿ ರಬ್ಬಿ ಯೆಹೂದಾ ಹನಾಸಿ ಒಟ್ಟು ಮಾಡಿದ ಮಿಶ್ನಾದಲ್ಲಿದೆ. ಅದರ ಮೇಲಿನ ದೊಡ್ಡ ಚರ್ಚೆ ತಾಲ್ಮುದ್. ಇವೆಲ್ಲ ಸೇರಿದ ಕಟ್ಟಳೆಗೆ 'ಹಲಖಾ' ಎನ್ನುತ್ತಾರೆ. 'ನಡೆಯುವುದು' ಅನ್ನುವ ಧಾತುವಿನಿಂದ ಬಂದ ಮಾತು. ನಮ್ಮ 'ನಡಾವಳಿ' ಇದ್ದ ಹಾಗೆ.

ಬೂದಿಯ ಕಥೆಯನ್ನೇ ತೆಗೆದುಕೊಳ್ಳಿ. ಯೆರೂಸಲೇಮಿನ ದೇವಾಲಯದಲ್ಲಿ ಯಜ್ಞವೇದಿಯ ಬೆಂಕಿ ರಾತ್ರಿಯಿಡೀ ಉರಿಯಬೇಕು. ಬೆಳಗಾಗುವ ಮುಂಚೆ ಒಬ್ಬ ಯಾಜಕ ನಾರುಬಟ್ಟೆ ಉಟ್ಟು ಮೇಲೆ ಹತ್ತಿ ಬೂದಿ ಎತ್ತಬೇಕು. ಇದು ಯಾಜಕಕಾಂಡದ 6ನೇ ಅಧ್ಯಾಯ. ದಿನದ ಮೊದಲ ಸೇವೆ ಗುಡಿಸುವ ಕೆಲಸ. ಇಲ್ಲಿಗೇ ನಿಲ್ಲಿಸಿ "ಯಾವ ಕೆಲಸವೂ ಕೀಳಲ್ಲ" ಅಂತ ಭಾಷಣ ಮಾಡುವವರಿದ್ದಾರೆ. ಕಥೆ ಇರುವುದು ಮುಂದೆ.

ಈ ಸೇವೆ ಮಾಡಲು ಯುವ ಯಾಜಕರಲ್ಲಿ ಪೈಪೋಟಿ. ವೇದಿಗೆ ಹತ್ತಲು ಉದ್ದನೆಯ ಇಳಿಜಾರು ಇತ್ತು, 32 ಮೊಳ. ಆಸೆ ಇದ್ದವರೆಲ್ಲ ಅದರ ಮೇಲೆ ಓಡುವುದು, ಮೊದಲು ಮೇಲೆ ಮುಟ್ಟಿದವನಿಗೆ ಸೇವೆ. ಒಂದು ದಿನ ಇಬ್ಬರು ಸರಿಸಮ ಓಡುತ್ತಿದ್ದಾಗ ಒಬ್ಬ ಇನ್ನೊಬ್ಬನನ್ನು ತಳ್ಳಿದ. ಬಿದ್ದವನ ಕಾಲು ಮುರಿಯಿತು. ಆಗ ನ್ಯಾಯಸಭೆಯವರು ಓಟ ನಿಲ್ಲಿಸಿ ಎಣಿಸಿ ಆರಿಸುವ ಪದ್ಧತಿ ತಂದರು. ಎಲ್ಲರೂ ಸುತ್ತ ನಿಂತು ಬೆರಳು ಚಾಚಬೇಕು, ಮೇಲ್ವಿಚಾರಕ ಒಂದು ಸಂಖ್ಯೆ ಹೇಳಿ ಎಣಿಸುತ್ತಾ ಹೋಗಬೇಕು, ಎಣಿಕೆ ನಿಂತವನಿಗೆ ಸೇವೆ. ನಮ್ಮ ಮಕ್ಕಳ 'ಅವಲಕ್ಕಿ ಪವಲಕ್ಕಿ' ಅಂದುಕೊಳ್ಳಿ. ಹೆಬ್ಬೆರಳು ಚಾಚುವ ಹಾಗಿರಲಿಲ್ಲ. ಅದರಲ್ಲೂ ಮೋಸ ಮಾಡುವವರಿದ್ದರು ಅಂತ ಕಾಣುತ್ತದೆ!

ಇಷ್ಟು ಮಿಶ್ನಾದಲ್ಲಿದೆ. ತಾಲ್ಮುದ್ ಇನ್ನೊಂದು ಘಟನೆ ಸೇರಿಸುತ್ತದೆ. ಅದೇ ಇಳಿಜಾರಿನ ಮೇಲೆ ಒಬ್ಬ ಯಾಜಕ ಮುಂದೆ ಹೋದವನ ಎದೆಗೆ ಚಾಕು ಹಾಕಿದ. ಜನ ಗೋಳಾಡುತ್ತಿದ್ದಾಗ ಚುಚ್ಚಿಸಿಕೊಂಡವನ ತಂದೆ ಬಂದು ನೋಡಿದ. ಮಗ ಇನ್ನೂ ಒದ್ದಾಡುತ್ತಿದ್ದ. "ಜೀವ ಇನ್ನೂ ಹೋಗಿಲ್ಲ, ಆದ್ದರಿಂದ ಚಾಕು ಮೈಲಿಗೆಯಾಗಿಲ್ಲ" ಎಂದನಂತೆ. ಇದನ್ನು ಬರೆದಿಟ್ಟವರೇ ಮುಂದಿನ ಮಾತನ್ನೂ ಬರೆದಿದ್ದಾರೆ: ಆ ಕಾಲದವರಿಗೆ ರಕ್ತ ಹರಿಯುವುದಕ್ಕಿಂತ ಪಾತ್ರೆಯ ಮಡಿ ದೊಡ್ಡದಾಗಿತ್ತು. ಮಡಿಯ ಬಗ್ಗೆ ಹೊರಗಿನವರು ಬರೆದ ಟೀಕೆ ಎಷ್ಟೋ ಓದಿದ್ದೇನೆ. ಮಡಿಯ ನಿಯಮವನ್ನೇ ಬದುಕಾಗಿಸಿಕೊಂಡವರು ತಮ್ಮ ಮೇಲೆ ಬರೆದುಕೊಂಡ ಇಷ್ಟು ಕಟುವಾದ ಮಾತು ಇನ್ನೆಲ್ಲೂ ಕಂಡಿಲ್ಲ.

ಆಮೇಲೆ ತಾಲ್ಮುದ್ ಒಂದು ಪ್ರಶ್ನೆ ಕೇಳುತ್ತದೆ. ಕೊಲೆ ಮೊದಲೋ, ಕಾಲು ಮುರಿದದ್ದು ಮೊದಲೋ? ಕೊಲೆಯೇ ಮೊದಲು ಆಗಿದ್ದರೆ ಆಗಲೇ ಓಟ ನಿಲ್ಲಿಸಬೇಕಿತ್ತಲ್ಲ? ಅವರು ಮುಟ್ಟುವ ಉತ್ತರ ಇದು: ಕೊಲೆಯೇ ಮೊದಲು. ಆದರೆ ಅದು ಯಾವನೋ ಒಬ್ಬ ಮಾಡಿದ್ದು, ಎಲ್ಲೋ ಒಮ್ಮೆ ಆಗಿದ್ದು ಅಂತ ಬಿಟ್ಟರು. ಕೊಲ್ಲುವ ಉದ್ದೇಶವೇ ಇಲ್ಲದ ಓಟದಲ್ಲೂ ಕಾಲು ಮುರಿದಾಗ ಮಾತ್ರ, ತಪ್ಪು ಓಟದಲ್ಲೇ ಇದೆ ಅಂತ ಕಂಡಿತು.

ನಾನು ಸೇಫ್ಟಿ ಟ್ರೇನಿಂಗ್ ಕೊಡುವ ಒಬ್ಬ ಗೆಳೆಯನಿಗೆ ಈ ಕಥೆ ಹೇಳಿದೆ. ಅವನು "ಒಂದು ದಿನದ ನನ್ನ ಕ್ಲಾಸು ಇಷ್ಟೇ" ಎಂದ. ದೊಡ್ಡ ಅವಘಡವಾದಾಗ ಒಬ್ಬ ತಪ್ಪಿತಸ್ಥ ಸಿಗುತ್ತಾನೆ, ಅವನನ್ನು ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಸಣ್ಣ ಅವಘಡದಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಆಗ ಪದ್ಧತಿಯ ಕಡೆ ಕಣ್ಣು ಹೋಗುತ್ತದೆ. ಇದನ್ನೆಲ್ಲ ಬರೆದಿಟ್ಟ ಹೊತ್ತಿಗೆ ದೇವಾಲಯವೇ ಇರಲಿಲ್ಲ ಅನ್ನುವುದು ನೆನಪಿರಲಿ. ಕ್ರಿ.ಶ. 70ರಲ್ಲೇ ರೋಮನ್ನರು ಅದನ್ನು ಸುಟ್ಟಿದ್ದರು. ಇಲ್ಲದ ವೇದಿಯ ಬೂದಿ ಯಾರು ಎತ್ತಬೇಕು ಅಂತ ನೂರಾರು ವರ್ಷ ತಲೆ ಕೆಡಿಸಿಕೊಂಡರು ಅಂದರೆ, ಅವರ ಚಿಂತೆ ಬರೀ ಬೂದಿಯದ್ದಾಗಿರಲಿಲ್ಲ ಅಲ್ವಾ?

ಇನ್ನು ಬೆಳವಕ್ಕಿ. ಹೆರಿಗೆಯಾದ ತಾಯಿ ಕಾಣಿಕೆ ತರಬೇಕು ಅಂತ ಯಾಜಕಕಾಂಡದ 12ನೇ ಅಧ್ಯಾಯ ಹೇಳುತ್ತದೆ. ಕುರಿಮರಿ ಕೊಡುವ ಶಕ್ತಿ ಇಲ್ಲದವಳು ಎರಡು ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಗಳನ್ನೋ ತಂದರೆ ಸಾಕು. ಬಡವರಿಗೆ ಅಂತಲೇ ಇಟ್ಟ ರಿಯಾಯಿತಿ. ಆದರೆ ಯೆರೂಸಲೇಮಿಗೆ ಪ್ರತಿ ಹೆರಿಗೆಗೂ ಬರಲಾಗದೆ ಐದು ಹೆರಿಗೆಯ ಬಾಕಿ ಹೊತ್ತು ಬರುವ ಹೆಂಗಸರಿದ್ದರು. ಐದು ಜೊತೆ ಹಕ್ಕಿ ಬೇಕು. ಹಕ್ಕಿ ಮಾರುವವರಿಗೆ ಇದು ಗೊತ್ತು. ಒಂದು ಜೊತೆಯ ಬೆಲೆ ಒಂದು ಚಿನ್ನದ ದಿನಾರಿಗೆ ಹೋಯಿತು. ಅಂದರೆ 25 ಬೆಳ್ಳಿ ದಿನಾರು.

ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಅನ್ನುವ ಹಿರಿಯ ಇದನ್ನು ಕೇಳಿ ದೇವಾಲಯದ ಮೇಲೆ ಆಣೆ ಮಾಡಿದ: ಬೆಲೆ ಬೆಳ್ಳಿ ದಿನಾರಿಗೆ ಇಳಿಯುವವರೆಗೆ ಈ ರಾತ್ರಿ ನಿದ್ದೆ ಮಾಡುವುದಿಲ್ಲ. ಮಾರುವವರನ್ನು ಕರೆದು ಬೈಯಲಿಲ್ಲ. ಬೆಲೆ ಕಟ್ಟಿಹಾಕಲಿಲ್ಲ. ನೇರ ನ್ಯಾಯಸಭೆಗೆ ಹೋಗಿ, ಐದು ಹೆರಿಗೆಯಾದವಳೂ ಒಂದೇ ಕಾಣಿಕೆ ತಂದರೆ ಸಾಕು, ಉಳಿದದ್ದು ಬಾಕಿಯಲ್ಲ ಅಂತ ಕಲಿಸಿದ. ಬೇಡಿಕೆ ಕುಸಿಯಿತು. ಅದೇ ದಿನ ಬೆಲೆ ಒಂದು ಬೆಳ್ಳಿ ದಿನಾರಿಗಿಂತಲೂ ಕೆಳಗೆ ಬಂತು.

ಆತ ತಿದ್ದಿದ್ದು ವ್ಯಾಪಾರವನ್ನಲ್ಲ, ಧರ್ಮವನ್ನು. ನಮ್ಮಲ್ಲಿ ಇದು ಉಲ್ಟಾ. ಶಾಲೆಯವರು ಹೇಳಿದ ಅಂಗಡಿಯಲ್ಲಿ ಯೂನಿಫಾರ್ಮ್ ದುಬಾರಿಯಾದರೆ ಅಂಗಡಿಯವನಿಗೆ ಬೈಯುತ್ತೇವೆ. ಅಷ್ಟು ಜೊತೆ ಯೂನಿಫಾರ್ಮ್ ಯಾಕೆ ಬೇಕು ಅಂತ ಕೇಳುವುದಿಲ್ಲ. ದುಬಾರಿಯಾದ ವಿಧಿಯನ್ನು ಚಿಕ್ಕದು ಮಾಡುವ ಅಧಿಕಾರ ಇರುವವನು ಒಂದು ರಾತ್ರಿ ನಿದ್ದೆಗೆಟ್ಟರೆ ಸಾಕಿತ್ತು ಅನಿಸುವ ಸಂದರ್ಭ ಎಷ್ಟೋ ಇವೆ.

ಬುಟ್ಟಿಯ ವಿಷಯ ಸ್ವಲ್ಪ ಉದ್ದ. ಎರಡು ಬುಟ್ಟಿಗಳ ಕಥೆ ಅದು.

ರೈತರು ಪ್ರಥಮಫಲವನ್ನು ದೇವಾಲಯಕ್ಕೆ ತರುತ್ತಿದ್ದರು. ಬುಟ್ಟಿ ಒಪ್ಪಿಸುವಾಗ ಹೀಬ್ರೂ ಭಾಷೆಯ ಕೆಲವು ಸಾಲು ಹೇಳಬೇಕು, ಧರ್ಮೋಪದೇಶಕಾಂಡದ 26ನೇ ಅಧ್ಯಾಯದ್ದು. ಬಾಯಿಗೆ ಬರುವವರು ತಾವೇ ಹೇಳುತ್ತಿದ್ದರು. ಬಾರದವರಿಗೆ ಯಾಜಕ ಹೇಳಿಕೊಡುತ್ತಿದ್ದ. ಕ್ರಮೇಣ ಬಾರದವರು ಕಾಣಿಕೆ ತರುವುದನ್ನೇ ಬಿಟ್ಟರು. ನಾಲ್ಕು ಜನರ ಮುಂದೆ 'ಇವನಿಗೆ ಓದು ಬರುವುದಿಲ್ಲ' ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಆಗ ಮಾಡಿದ ತಿದ್ದುಪಡಿ: ಬರುವವನಿಗೂ, ಬಾರದವನಿಗೂ, ಇಬ್ಬರಿಗೂ ಯಾಜಕನೇ ಹೇಳಿಕೊಡಲಿ. ಪಂಡಿತನೂ ಒಂದು ಸಾಲು ಕೇಳಿ ಒಂದು ಸಾಲು ಹೇಳಲಿ.

ಚೆಂದ. ಆದರೆ ಅದೇ ಜಾಗದಲ್ಲಿ ಇನ್ನೊಂದು ನಾಚಿಕೆ ಹಾಗೇ ಉಳಿಯಿತು. ಶ್ರೀಮಂತರು ಬೆಳ್ಳಿ ಬಂಗಾರದ ಬುಟ್ಟಿಯಲ್ಲಿ ತರುತ್ತಿದ್ದರು, ಬಡವರು ಸಿಪ್ಪೆ ಸುಲಿದ ಕಡ್ಡಿಯ ಬುಟ್ಟಿಯಲ್ಲಿ. ಶ್ರೀಮಂತನ ಬುಟ್ಟಿ ವಾಪಸ್ ಕೊಡುತ್ತಿದ್ದರು. ಬಡವನ ಬುಟ್ಟಿ ಹಣ್ಣಿನ ಜೊತೆ ಯಾಜಕನಿಗೇ ಹೋಗುತ್ತಿತ್ತು. ತಾಲ್ಮುದ್ ಇದಕ್ಕೆ ಸಮಜಾಯಿಷಿ ಕೊಡುವುದಿಲ್ಲ. ಜನರ ಬಾಯಲ್ಲಿದ್ದ ಒಂದು ಗಾದೆಯನ್ನು ಮಾತ್ರ ತಂದಿಡುತ್ತದೆ: ಬಡವನ ಬೆನ್ನ ಹಿಂದೆಯೇ ಬಡತನ.

ಎರಡನೇ ಬುಟ್ಟಿ ಸಾವಿನ ಮನೆಯದು. ಸಾವಾದ ಮನೆಯಲ್ಲಿ ಮೊದಲ ಊಟವನ್ನು ಮನೆಯವರು ತಮ್ಮದನ್ನು ಉಣ್ಣಬಾರದು, ನೆರೆಯವರು ತರಬೇಕು. ಇಲ್ಲೂ ಶ್ರೀಮಂತರ ಮನೆಗೆ ಬೆಳ್ಳಿ ಬಂಗಾರದ ಬುಟ್ಟಿ, ಬಡವರ ಮನೆಗೆ ಕಡ್ಡಿಯ ಬುಟ್ಟಿ. ಬಡವರಿಗೆ ನಾಚಿಕೆಯಾಗುತ್ತಿತ್ತು. ಈ ಸಲ ತಿದ್ದಿದರು: ಇನ್ನು ಮುಂದೆ ಎಲ್ಲರಿಗೂ ಕಡ್ಡಿಯ ಬುಟ್ಟಿಯೇ. ಕುಡಿಯುವ ಲೋಟಕ್ಕೂ ಇದೇ ನಿಯಮ, ಚಟ್ಟಕ್ಕೂ ಇದೇ. ಬಡವರನ್ನು ಮೇಲೆತ್ತಿ ಬಂಗಾರದ ಬುಟ್ಟಿ ಕೊಡಿಸಲು ಹೋಗಲಿಲ್ಲ. ಶ್ರೀಮಂತರ ಕೈಗೇ ಕಡ್ಡಿಯ ಬುಟ್ಟಿ ಕೊಟ್ಟರು. ಅದಕ್ಕೆ ಖರ್ಚಿಲ್ಲ.

ಹೆಣಕ್ಕೆ ತೊಡಿಸುವ ಬಟ್ಟೆ ಅದಕ್ಕಿಂತ ಕಷ್ಟದ ಸಮಸ್ಯೆಯಾಗಿತ್ತು. ಸಾವಿಗಿಂತ ಸಾವಿನ ಖರ್ಚೇ ಭಾರವಾಗಿ, ನೆಂಟರು ಹೆಣ ಬಿಟ್ಟು ಓಡಿಹೋಗುವ ಸ್ಥಿತಿ ಬಂದಿತ್ತು ಅಂತ ತಾಲ್ಮುದ್ ಹೇಳುತ್ತದೆ. ಇಲ್ಲಿ ಯಾವ ಆದೇಶವೂ ಹೊರಡಲಿಲ್ಲ. ರಬ್ಬಾನ್ ಗಮ್ಲಿಯೇಲ್ ತಾನು ಸತ್ತಾಗ ಸಾದಾ ನಾರುಬಟ್ಟೆಯಲ್ಲೇ ಹೂಳಬೇಕೆಂದು ಏರ್ಪಾಡು ಮಾಡಿದ. ಸಮಾಜದಲ್ಲಿ ಎಲ್ಲರಿಗಿಂತ ಮೇಲಿದ್ದ ಮನೆತನದವನು. ಅವನ ಹೆಣವೇ ಸಾದಾ ಬಟ್ಟೆಯಲ್ಲಿ ಹೋದಮೇಲೆ ಉಳಿದವರಿಗೆ ಯಾವ ಮುಜುಗರ? ಇವತ್ತಿಗೂ ಸಂಪ್ರದಾಯಸ್ಥ ಯೆಹೂದಿಗಳನ್ನು ಹೂಳುವುದು ಸಾದಾ ಬಿಳಿ ಬಟ್ಟೆಯಲ್ಲಿ. ಅದಕ್ಕೆ ಜೇಬು ಹೊಲಿಯುವುದಿಲ್ಲ.

ನಮ್ಮ ಕಡೆ ಹದಿಮೂರನೇ ದಿನದ ಊಟಕ್ಕೆ ಸಾಲ ಮಾಡಿದ ಮನೆಗಳನ್ನು ನೋಡಿದ್ದೇನೆ. "ಸರಳವಾಗಿ ಮಾಡಿ" ಅಂತ ಅವರಿಗೆ ಹೇಳುವುದು ಸುಲಭ. ಹೇಳುವವರು ತಮ್ಮ ಮನೆಯಲ್ಲಿ ಮಾಡಿ ತೋರಿಸುವುದು ಅಪರೂಪ. ಇದ್ದವರು ಮೊದಲು ಸರಳ ಮಾಡಿದರೆ ಮಾತ್ರ ಇಲ್ಲದವರಿಗೆ ಬಿಡುಗಡೆ.

ಸಬ್ಬತ್ತಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನದ, ಬಗ್ಗೆ ನೀವು ಕೇಳಲಿಲ್ಲ, ಆದರೆ ನಿಮ್ಮ ಗೆಳತಿ ಹೇಳಿಯೇ ಇರುತ್ತಾಳೆ. ವಾರಕ್ಕೊಂದು ದಿನ ಫೋನ್ ಆಫ್ ಮಾಡಿ ಅನ್ನುವ ಪಾಠ. ಒಳ್ಳೆಯದೇ, ಮಾಡಿ. ಆದರೆ ಸಬ್ಬತ್ತಿನಲ್ಲಿ ನಿಷೇಧಿಸಿದ್ದು ದಣಿಯುವುದನ್ನಲ್ಲ, ಹೊಸದು ಮಾಡುವುದನ್ನು. ಮಿಶ್ನಾದಲ್ಲಿ 'ನಲವತ್ತಕ್ಕೆ ಒಂದು ಕಡಿಮೆ' ಬಗೆಯ ಕೆಲಸಗಳ ಪಟ್ಟಿ ಇದೆ: ಉಳುವುದು, ಬಿತ್ತುವುದು, ನೇಯುವುದು, ಎರಡು ಅಕ್ಷರ ಬರೆಯುವುದು, ಎರಡು ಅಕ್ಷರ ಅಳಿಸುವುದು. ಭಾರದ ಕುರ್ಚಿಯನ್ನು ಮನೆಯೊಳಗೇ ಆಚೀಚೆ ಎಳೆದರೆ ಈ ಪಟ್ಟಿಗೆ ಬರುವುದಿಲ್ಲ. ಎರಡು ಅಕ್ಷರ ಬರೆದರೆ ತಪ್ಪು. ನನಗೆ ಇದಕ್ಕಿಂತ ಹಿಡಿಸಿದ್ದು ನಿಯಮ ಮುರಿಯುವ ನಿಯಮ. ಜೀವಕ್ಕೆ ಅಪಾಯ ಇದೆ ಅನ್ನುವ ಅನುಮಾನ ಇದ್ದರೂ ಸಾಕು, ಸಬ್ಬತ್ತನ್ನು ಮುರಿಯಬೇಕು. ಯಾರು ಮುರಿಯಬೇಕು? ಮಗುವಿನ ಕೈಲೋ ಹೊರಗಿನವರ ಕೈಲೋ ಮಾಡಿಸಬಾರದು. ಊರಿನ ದೊಡ್ಡವರೇ ಮಾಡಬೇಕು. ದೊಡ್ಡವರು ಮಾಡಿದ್ದನ್ನು ಕಂಡರೆ ಮುಂದಿನ ಸಲ ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ, ತಂದು ಅಂಟಿಸುವ ಚಟ. ಅದರಲ್ಲಿ ದೊಡ್ಡದು ಆರೋಗ್ಯದ ವಾದ. ಹಂದಿ ಮಾಂಸ ಬೇಡ ಅಂದದ್ದು ರೋಗ ತಡೆಯಲು ಅನ್ನುತ್ತಾರೆ. ಇದು ಹೊಸ ಮಾತಲ್ಲ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್, ಸ್ವತಃ ವೈದ್ಯ, ಹೀಗೇ ವಾದಿಸಿದ್ದ. ಮುನ್ನೂರು ವರ್ಷಗಳ ನಂತರ ಅಬ್ರಬನೇಲ್ ಅನ್ನುವ ಇನ್ನೊಬ್ಬ ಯೆಹೂದಿ ಪಂಡಿತ ಅದನ್ನು ತಳ್ಳಿಹಾಕಿದ. ಧರ್ಮಶಾಸ್ತ್ರ ಅಂದರೆ ವೈದ್ಯರ ಕಿರುಪುಸ್ತಕವೇ? ಸುತ್ತಲಿನ ಜನ ಹಂದಿ ತಿಂದು ಗಟ್ಟಿಮುಟ್ಟಾಗಿ ಇದ್ದಾರಲ್ಲ? ಅಬ್ರಬನೇಲನ ಪಕ್ಷವೇ ನನ್ನದೂ. ಉಣ್ಣೆ ಮತ್ತು ನಾರು ಸೇರಿಸಿ ನೇಯ್ದ ಬಟ್ಟೆ ಹಾಕಬಾರದು ಅನ್ನುವ ನಿಯಮವೂ ಇದೆ. ಅದಕ್ಕೆ ಕಾರಣ ಕೊಟ್ಟಿಲ್ಲ. ಪಾಲಿಸುವವರು ಕಾರಣ ಕೇಳದೆ ಪಾಲಿಸುತ್ತಾರೆ. ಅಲ್ಲಿ ನಮಗೆ ಪಾಠ ಹುಡುಕಲೇಬೇಕೆಂಬ ಹಟ ಬೇಡ.

ತಿದ್ದಲು ಸಾಕಷ್ಟು ಆಗದೆ ಉಳಿದದ್ದೂ ಇದೆ. ಹಲಖಾ ಪ್ರಕಾರ ವಿಚ್ಛೇದನದ ಪತ್ರವನ್ನು ಗಂಡ ತಾನೇ ಒಪ್ಪಿ ಹೆಂಡತಿಗೆ ಕೊಡಬೇಕು. ಅವನು ಕೊಡದಿದ್ದರೆ, ಅಥವಾ ಎಲ್ಲೋ ಕಾಣೆಯಾದರೆ, ಅವಳು ಮತ್ತೆ ಮದುವೆಯಾಗುವಂತಿಲ್ಲ. ಅಂಥವಳನ್ನು 'ಅಗುನಾ' ಎನ್ನುತ್ತಾರೆ, ಲಂಗರಿಗೆ ಕಟ್ಟಿದವಳು. ಹಳೆಯ ರಬ್ಬಿಗಳು ಇವಳಿಗಾಗಿ ಸಾಕ್ಷಿಯ ನಿಯಮವನ್ನೇ ಸಡಿಲ ಮಾಡಿದ್ದರು. ಬೇರೆ ಕಡೆ ಇಬ್ಬರು ಸಾಕ್ಷಿ ಬೇಕು, ಗಂಡ ಸತ್ತ ಅನ್ನುವುದಕ್ಕೆ ಒಬ್ಬರೇ ಸಾಕು. ಆದರೆ ಬದುಕಿದ್ದೂ ಹಟ ಮಾಡುವ ಗಂಡನಿಗೆ ಮದ್ದು ಪೂರ್ತಿ ಸಿಗಲಿಲ್ಲ. ಇಸ್ರೇಲಿನಲ್ಲಿ 1995ರ ಒಂದು ಕಾನೂನು, ಹಾಗೆ ಹಟ ಹಿಡಿದವನ ಡ್ರೈವಿಂಗ್ ಲೈಸೆನ್ಸ್ ತಡೆಹಿಡಿಯಲು, ದೇಶ ಬಿಟ್ಟು ಹೋಗದಂತೆ ಮಾಡಲು, ಜೈಲಿಗೂ ಕಳಿಸಲು ರಬ್ಬಿಗಳ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿತು. ಅಷ್ಟಾದರೂ ಪತ್ರ ಕೊಡಬೇಕಾದ್ದು ಅವನ ಕೈಯೇ. ಒಂದು ಬುಟ್ಟಿಯ ನಾಚಿಕೆಯನ್ನು ಅಷ್ಟು ಬೇಗ ಕಂಡವರಿಗೆ ಇದಕ್ಕೆ ಯಾಕೆ ಇಷ್ಟು ಹೊತ್ತು ಅಂತ ಅಲ್ಲಿನ ಹೆಂಗಸರೇ ಕೇಳುತ್ತಿದ್ದಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಯೆಹೂದಿಯಲ್ಲದ ನೀವು ಇದನ್ನೆಲ್ಲ ಓದಬಹುದೇ ಅನ್ನುವ ಸಂಕೋಚ ಬೇಡ. ಅವರ ಶಾಸ್ತ್ರದ ಲೆಕ್ಕದಲ್ಲಿ 613 ಆಜ್ಞೆಗಳು ಯೆಹೂದಿಗಳಿಗೆ ಮಾತ್ರ, ಉಳಿದ ಮನುಷ್ಯರಿಗೆ ನೋಹನ ಕಾಲದ ಏಳೇ. ನೀವು ಸಬ್ಬತ್ ಹಿಡಿಯಬೇಕೆಂದು ಅವರು ಕೇಳುವುದೂ ಇಲ್ಲ.

ಮಿಶ್ನಾದ ಇಂಗ್ಲಿಷ್ ಅನುವಾದ ಸೆಫಾರಿಯಾ ತಾಣದಲ್ಲಿ ಉಚಿತವಾಗಿದೆ. ಮೊದಲ ಪುಟದಿಂದ ಶುರು ಮಾಡಬೇಡಿ, ಮತ್ತೆ ತೂಕಡಿಸುತ್ತೀರಿ. 'ಯೋಮಾ' ಭಾಗದ ಎರಡನೇ ಅಧ್ಯಾಯ ತೆಗೆಯಿರಿ, ಬೂದಿಯ ಓಟ ಅಲ್ಲಿದೆ. ಆಮೇಲೆ 'ಬಿಕ್ಕುರಿಮ್' ಮೂರನೇ ಅಧ್ಯಾಯ, ಹಳ್ಳಿಯವರು ಕೊಳಲು ಊದಿಸಿಕೊಂಡು, ಕೊಂಬಿಗೆ ಬಂಗಾರ ಹೊದಿಸಿದ ಎತ್ತನ್ನು ಮುಂದೆ ಬಿಟ್ಟುಕೊಂಡು ಹಣ್ಣು ತರುವ ಮೆರವಣಿಗೆಯೂ ಅಲ್ಲೇ ಸಿಗುತ್ತದೆ. ಯಾಜಕಕಾಂಡಕ್ಕೆ ವಾಪಸ್ ಬರುವಾಗ ನೇರ 14ಕ್ಕೆ ಹೋಗಿ. 13ನ್ನು ಆಮೇಲೆ ನೋಡಿಕೊಂಡರಾಯಿತು.